ಸೈಕಲ್ ತುಳಿಯುತ್ತಾ ಕಲಿತ ಕ್ರೈಸ್ತ ಪಾಠ: ನಿಮಗೆ ರಸ್ತೆಯಲ್ಲಿ ಏನು ಸಿಕ್ಕಿತು?

ಸತ್ತೂರು ಸವಾರ, ಧಾರವಾಡ

ಎಲ್ಲರಿಗೂ ವಂದನೆ. ಇದನ್ನು ಬರೆಯಬೇಕೋ ಬೇಡವೋ ಅಂತ ಮೂರು ವಾರ ಯೋಚಿಸಿದೆ. ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಸತ್ತೂರಿನಲ್ಲಿ, ಕೆಲಸ ಹುಬ್ಬಳ್ಳಿ ಕಡೆ, ಸಭೆ (ಚರ್ಚ್) ಧಾರವಾಡದಲ್ಲಿ. ಆರು ವರ್ಷದಿಂದ ಮೂರಕ್ಕೂ ಸೈಕಲ್ಲೇ. ಚಿಗರಿ ಬಸ್ಸು ಪಕ್ಕದಲ್ಲೇ ಓಡಾಡುತ್ತದೆ, ಆದರೂ ಬೆಳಿಗ್ಗೆ ಆ ಗಾಳಿ, ಆ ಹೊಲದ ವಾಸನೆ ಬಿಟ್ಟು ಬಸ್ಸಿನಲ್ಲಿ ಕೂರಲು ಮನಸ್ಸು ಬರುವುದಿಲ್ಲ. ಸೈಕಲ್ ಮೇಲೆ ಪ್ರಾರ್ಥನೆ ಮಾಡುವ ಅಭ್ಯಾಸವೂ ಇದೆ. ಪೆಡಲ್‌ನ ಲಯಕ್ಕೆ ಕೀರ್ತನೆ ಹೇಳಿಕೊಳ್ಳುತ್ತೇನೆ, 121ನೇ ಕೀರ್ತನೆ ಏರಿನಲ್ಲಿ, 23 ಇಳಿಜಾರಿನಲ್ಲಿ. ಇಷ್ಟು ದಿನ ಇದೇ ನನ್ನ ಸೈಕಲ್ ಭಕ್ತಿ ಅಂದುಕೊಂಡಿದ್ದೆ.

ಒಂದು ಭಾನುವಾರ ಸಭೆಯಲ್ಲಿ ಬೈಬಲ್ ಪಾಠ ಓದುವ ಸರದಿ ನನ್ನದಾಗಿತ್ತು. ಎಂಟೂವರೆಗೆ ಆರಾಧನೆ. ನವಲೂರಿನ ಹತ್ತಿರ ರಸ್ತೆ ಬದಿಯಲ್ಲಿ ಒಬ್ಬ ಅಜ್ಜ ಸೈಕಲ್ ಹಿಡಿದುಕೊಂಡು ನಿಂತಿದ್ದರು. ಹಳೇ ಕಪ್ಪು ಸೈಕಲ್, ಕ್ಯಾರಿಯರ್‌ನ ಎರಡೂ ಬದಿಗೆ ಪೇರಲ ಹಣ್ಣಿನ ಬುಟ್ಟಿ. (ನವಲೂರು ಪೇರಲ ಗೊತ್ತಿಲ್ಲದವರು ಧಾರವಾಡಕ್ಕೆ ಬಂದಾಗ ಪೇಡೆ ಜೊತೆ ಅದನ್ನೂ ತಿನ್ನಿ.) ಚೈನ್ ಬಿದ್ದು ಕವರಿನೊಳಗೆ ಸಿಕ್ಕಿಕೊಂಡಿತ್ತು. ಬುಟ್ಟಿ ಇಳಿಸದೆ ಸೈಕಲ್ ಮಲಗಿಸಲು ಆಗುವುದಿಲ್ಲ. ಒಬ್ಬರೇ ಇದ್ದರೆ ಬುಟ್ಟಿ ಇಳಿಸಲೂ ಆಗುವುದಿಲ್ಲ, ಒಂದು ಬದಿ ಇಳಿಸಿದರೆ ಸೈಕಲ್ ಇನ್ನೊಂದು ಬದಿಗೆ ಬೀಳುತ್ತದೆ. ಯಾರಾದರೂ ಎರಡು ನಿಮಿಷ ಹ್ಯಾಂಡಲ್ ಹಿಡಿದುಕೊಂಡರೆ ಸಾಕಿತ್ತು.

ನಾನು ನೋಡಿದೆ. ಅವರೂ ನನ್ನನ್ನು ನೋಡಿದರು. ನಾನು ಬಿಳಿ ಅಂಗಿ ಹಾಕಿದ್ದೆ. ಗ್ರೀಸ್ ಹತ್ತಿದರೆ ಹಾಗೇ ಎದ್ದು ನಿಂತು ಪಾಠ ಓದೋದು ಹೇಗೆ ಅಂತ ಒಂದು ಕ್ಷಣ ಅನಿಸಿತು, ಆ ಒಂದು ಕ್ಷಣದಲ್ಲಿ ದಾಟಿ ಹೋಗಿಬಿಟ್ಟೆ.

ಮುಂದೆ ಒಂದೂವರೆ ಕಿಲೋಮೀಟರ್ ಇರಬೇಕು, ನನ್ನ ಹಿಂದಿನ ಚಕ್ರ ಕುಳಿತುಕೊಂಡಿತು. ಬೇರೆ ಟ್ಯೂಬ್ ಮನೆಯಲ್ಲಿತ್ತು. ತಳ್ಳಿಕೊಂಡು ಹೊರಟೆ. ಹತ್ತು ನಿಮಿಷ ಆದ ಮೇಲೆ ಹಿಂದಿನಿಂದ ಬೆಲ್ ಕೇಳಿಸಿತು. ಅದೇ ಅಜ್ಜ. ಯಾರೋ ಹಾಲಿನವರು ನಿಂತು ಚೈನ್ ಹಾಕಿಕೊಟ್ಟಿದ್ದರು ಅಂತ ಆಮೇಲೆ ಗೊತ್ತಾಯಿತು. ಅವರು ಇಳಿದರು.

"ಯಾಕ್ರೀ ತಮ್ಮಾ, ಪಂಚರ್ ಆತೇನು?"

"ಹೌದ್ರೀ ಅಜ್ಜಾರ."

"ಬರ್ರಿ, ಇಲ್ಲೇ ಮುಂದ ಗುರುತಿನ ಹುಡುಗನ ಅಂಗಡಿ ಐತಿ. ಐತಾರ ಬಾಗಲಾ ಹಾಕಿರ್ತಾನ, ನಾ ಕರದ್ರ ತಗೀತಾನ."

ಅಂಗಡಿ ಎಲ್ಲಿದೆ ಅಂತ ಹೇಳಿ ಹೊರಟು ಹೋಗಬಹುದಿತ್ತು, ಅವರಿಗೂ ಸಂತೆಗೆ ಹೊತ್ತಾಗುತ್ತಿತ್ತು. ಹೋಗಲಿಲ್ಲ. ಅಷ್ಟು ಭಾರದ ಸೈಕಲ್ಲನ್ನು ತಳ್ಳಿಕೊಂಡು ನನ್ನ ಪಕ್ಕದಲ್ಲೇ ನಡೆದರು. ನಾನು ಅವರನ್ನು ದಾಟಿ ಹೋಗಿದ್ದು ಅವರಿಗೆ ಗೊತ್ತು. ಒಂದು ಮಾತು ಆಡಲಿಲ್ಲ. ಮಳೆ ಬಗ್ಗೆ ಮಾತಾಡಿದರು, ಮೊಮ್ಮಗಳ ಶಾಲೆ ಬಗ್ಗೆ ಮಾತಾಡಿದರು. "ಅಜ್ಜಾರ, ನಾ ನಿಮ್ಮನ್ನ ನೋಡಿ ಹಂಗ ಬಂದೆ" ಅಂತ ಹೇಳಲು ಬಾಯಿ ತೆರೆದೆ, ಬರಲಿಲ್ಲ. ಇವತ್ತಿಗೂ ಹೇಳಿಲ್ಲ.

ಅಂಗಡಿಯ ಹುಡುಗ ಮುಸಲ್ಮಾನ, ಇಪ್ಪತ್ತು ದಾಟಿರಲಿಕ್ಕಿಲ್ಲ, ನಿದ್ದೆಗಣ್ಣಲ್ಲಿ ಬಾಗಿಲು ತೆಗೆದ. ಟ್ಯೂಬ್ ಎಳೆದು, ಗಾಳಿ ಹಾಕಿ, ಬೋಗುಣಿ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸಿದ. ಹೊರಗೆ ನೋಡಿದರೆ ಚೆನ್ನಾಗೇ ಇದ್ದ ಟ್ಯೂಬ್, ನೀರಿನೊಳಗೆ ಹೋದ ಕೂಡಲೇ ಸಣ್ಣ ಗುಳ್ಳೆ ಬಿಟ್ಟಿತು. ಅಲ್ಲಿ ಉಪ್ಪು ಕಾಗದ ಉಜ್ಜಿ, ಸಲ್ಯೂಷನ್ ಹಚ್ಚಿ, ಊದಿ ಒಣಗಿಸಿ ಪ್ಯಾಚ್ ಕೂರಿಸಿದ. ನಾನು ಗಡಿಯಾರ ನೋಡುತ್ತಿದ್ದೆ. ಅವನು ಟ್ಯೂಬ್ ಹಾಕುವ ಬದಲು ಟೈರಿನೊಳಗೆ ಬೆರಳಿಟ್ಟು ನಿಧಾನವಾಗಿ ಸುತ್ತ ಸವರಿದ. ಒಂದು ಕಡೆ ನಿಲ್ಲಿಸಿ ಇಕ್ಕಳದಿಂದ ಎಳೆದ. ಜಾಲಿ ಮುಳ್ಳು, ಒಳಗಡೆ ತುದಿ ಮಾತ್ರ ಹೊರಬಂದಿತ್ತು. "ಇದನ್ನ ಬಿಟ್ರ ಎಷ್ಟ್ ಪ್ಯಾಚ್ ಹಾಕಿದ್ರೂ ಅಷ್ಟರೀ ಸರ" ಅಂದ. ಮೂವತ್ತು ರೂಪಾಯಿ ತಗೊಂಡ. ಅಜ್ಜ ಹೋಗುವ ಮುಂಚೆ ನನ್ನ ಚೀಲದಲ್ಲಿ ಎರಡು ಪೇರಲ ಹಾಕಿದ್ದರು.

ನಾನು ದೇವಾಲಯ ಮುಟ್ಟುವ ಹೊತ್ತಿಗೆ ಪಾಠ ಬೇರೆಯವರು ಓದಿ ಮುಗಿಸಿದ್ದರು. ಹಿಂದಿನ ಬೆಂಚಿನಲ್ಲಿ ಕೂತೆ. ಲೂಕ 10ನೇ ಅಧ್ಯಾಯದಲ್ಲಿ, ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನನ್ನು ನೋಡಿಯೂ ದಾಟಿ ಹೋದ ಯಾಜಕ ಮತ್ತು ಲೇವಿಯ (ದೇವಾಲಯದ ಸೇವಕ) ಬಗ್ಗೆ ನಾನೇ ಎಷ್ಟೋ ಸಲ ಸಂಡೇ ಸ್ಕೂಲಿನಲ್ಲಿ ಹೇಳಿದ್ದೇನೆ. ಆಚೇ ಬದಿಯಿಂದ ಹೋದರು ಅಂತ ಬರೆದಿದೆಯಲ್ಲ, ಆಚೇ ಬದಿಗೆ ಹೋಗುವುದು ಎಷ್ಟು ಸುಲಭ ಅನ್ನುವುದು ಅವತ್ತು ಗೊತ್ತಾಯಿತು. ಕಾರಿನಲ್ಲಿ ಇದ್ದಿದ್ದರೆ ಆ ಅಜ್ಜ ನನಗೆ ಕಾಣುತ್ತಲೇ ಇರಲಿಲ್ಲ. ಸೈಕಲ್‌ನವನಿಗೆ "ಕಾಣಲಿಲ್ಲ" ಅನ್ನುವ ಮಾತು ಇಲ್ಲ. ಎಲ್ಲವೂ ಕಾಣುತ್ತದೆ, ಎಲ್ಲವೂ ಕೇಳುತ್ತದೆ, ಬ್ರೇಕ್ ಹಿಡಿದರೆ ಕೆಲವೇ ಗಜದಲ್ಲಿ ನಿಲ್ಲುತ್ತದೆ. ದೇವರು ನನ್ನನ್ನು ಸೈಕಲ್ ಮೇಲೆ ಕೂರಿಸಿದ್ದು ಇದಕ್ಕೇ ಇರಬೇಕು ಅಂತ ನನಗೆ ಬಲವಾಗಿ ಅನಿಸುತ್ತಿದೆ.

ನಿಮ್ಮಲ್ಲಿ ಸೈಕಲ್ ತುಳಿಯುವ ವಿಶ್ವಾಸಿಗಳು ಯಾರಿದ್ದೀರಿ? ನಿಮಗೆ ಏನು ಸಿಕ್ಕಿತು? ದೊಡ್ಡ ಪ್ರಸಂಗ (ಉಪದೇಶ) ಬೇಡ, ನಡೆದದ್ದು ಹೇಳಿ.

ಬೆಟಗೇರಿ ಟೀಚರ್

ಅಣ್ಣಾ, ಓದಿ ಕಣ್ಣಲ್ಲಿ ನೀರು ಬಂತು. ಆ ಅಜ್ಜ ಒಂದು ಮಾತೂ ಆಡದೆ ಪಕ್ಕದಲ್ಲಿ ನಡೆದರಲ್ಲ, ಬೈದಿದ್ದರೆ ನಿಮಗೆ ಸುಲಭ ಆಗುತ್ತಿತ್ತು ಅಲ್ವಾ.

ನನ್ನದು ಸರ್ಕಾರಿ ಸೈಕಲ್. 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿದರಲ್ಲ, ಆ ಮೊದಲ ವರ್ಷಗಳಲ್ಲಿ ಸಿಕ್ಕಿದ್ದು. ಅದರ ಮೇಲೇ ಹೈಸ್ಕೂಲು, ಅದರ ಮೇಲೇ ಕಾಲೇಜು, ಈಗ ಅದನ್ನು ತಮ್ಮನ ಮಗಳು ತುಳಿಯುತ್ತಾಳೆ. ಆ ಸೈಕಲ್ ಇಲ್ಲದಿದ್ದರೆ ನನ್ನ ಓದು ಎಂಟಕ್ಕೇ ನಿಲ್ಲುತ್ತಿತ್ತು. ಇದು ಸುಮ್ನೆ ಹೇಳುವ ಮಾತಲ್ಲ, ನನ್ನ ಜೊತೆಯ ಇಬ್ಬರದು ನಿಂತೇ ಹೋಯಿತು.

ನಮ್ಮಲ್ಲಿ ಪ್ರಸಂಗದಲ್ಲಿ ಒಂದು ಉದಾಹರಣೆ ಬಹಳ ಕೇಳುತ್ತೇವೆ. ಅಪ್ಪ ಹಿಂದಿನಿಂದ ಕ್ಯಾರಿಯರ್ ಹಿಡಿದು ಸೈಕಲ್ ಕಲಿಸುತ್ತಾನೆ, ದೇವರೂ ಹಾಗೇ ನಮ್ಮನ್ನು ಹಿಡಿದಿರುತ್ತಾನೆ ಅಂತ. ನನಗೆ ಅದು ಪೂರ್ತಿ ಒಪ್ಪಿಗೆ ಆಗುವುದಿಲ್ಲ. ನಮ್ಮಪ್ಪ ಹಿಡಿದಿದ್ದು ನಿಜ. ನಡುವೆ ಬಿಟ್ಟಿದ್ದೂ ನಿಜ. ನಾನು ಹಿಂದೆ ತಿರುಗಿ ನೋಡಿದೆ, ಅಪ್ಪ ದೂರದಲ್ಲಿ ನಿಂತಿದ್ದರು, ಆ ಗಾಬರಿಗೇ ಹೋಗಿ ಚರಂಡಿಗೆ ಬಿದ್ದೆ. ಮೊಣಕಾಲಿನ ಕಲೆ ಇನ್ನೂ ಇದೆ. ನನಗೆ ನೆನಪಿರುವುದು ಅಪ್ಪ ಹಿಡಿದಿದ್ದಲ್ಲ. ನಾನು ಚರಂಡಿಯಲ್ಲಿ ಬಿದ್ದಾಗ ಅಪ್ಪ ಚಪ್ಪಲಿ ಬಿಟ್ಟು ಓಡಿ ಬಂದಿದ್ದು. ಅವರು ಹಾಗೆ ಓಡಿದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. 37ನೇ ಕೀರ್ತನೆಯಲ್ಲಿ ನೀತಿವಂತ ಬೀಳುವುದೇ ಇಲ್ಲ ಅಂತ ಬರೆದಿಲ್ಲ, ಬಿದ್ದರೂ ಹಾಳಾಗುವುದಿಲ್ಲ, ಕರ್ತನು ಕೈ ಹಿಡಿದಿದ್ದಾನೆ ಅಂತ ಇದೆ. ಬೀಳುವ ಮಕ್ಕಳಿಗೆ ಇದನ್ನು ಹೇಳಬೇಕು. ಇಲ್ಲವಾದರೆ ಬಿದ್ದ ಕೂಡಲೇ, ದೇವರು ಕೈಬಿಟ್ಟ ಅಂದುಕೊಂಡು ಸಭೆಗೆ ಬರುವುದನ್ನೇ ನಿಲ್ಲಿಸುತ್ತಾರೆ.

ಮುಳ್ಳಿನ ವಿಷಯ ನಾನು ಈ ಭಾನುವಾರ ಮಕ್ಕಳಿಗೆ ಮಾಡಿ ತೋರಿಸುತ್ತೇನೆ. ಒಂದು ಹಳೇ ಟೈರ್, ಒಂದು ಬೋಗುಣಿ ನೀರು ಸಾಕು. ಕಣ್ಣು ಮುಚ್ಚಿ ಬೆರಳಿಂದ ಹುಡುಕಲು ಹೇಳುತ್ತೇನೆ.

ಹಳೇ ರೇಸರ್, ವಿಜಯಪುರ

ಸತ್ತೂರು ಸವಾರರೇ, ನಿಮ್ಮ ಮಾತಿಗೆ ಒಂದು ಸೇರಿಸುತ್ತೇನೆ. ಸೈಕಲ್ ತುಳಿಯುವವನ ಕಣ್ಣಲ್ಲಿ ಲೂಕ 10 ಓದಿ ನೋಡಿ. ಕಳ್ಳರ ಕೈಗೆ ಸಿಕ್ಕವನು ಯೆರೂಸಲೇಮಿನಿಂದ ಯೆರಿಕೋಗೆ ಹೋಗುತ್ತಿದ್ದ. ಯೆರೂಸಲೇಮು ಸಮುದ್ರ ಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರ. ಯೆರಿಕೋ ಸಮುದ್ರ ಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗೆ. ಸಾವಿರ ಮೀಟರ್ ಇಳಿತ, ಒಂದೇ ಸಮನೆ. ಯಾಜಕನು ಆ ದಾರಿಯಲ್ಲಿ ಇಳಿದು ಹೋಗುತ್ತಿದ್ದ ಅಂತಲೇ ಬರೆದಿದೆ. ಅಂದರೆ ದೇವಾಲಯದ ಊರನ್ನು ಬಿಟ್ಟು ಹೊರಟವನು. ಆರಾಧನೆಗೆ ತಡವಾಗುತ್ತೆ ಅನ್ನುವ ಕಾರಣವೂ ಅವನಿಗೆ ಇರಲಿಲ್ಲ.

ಇಳಿಜಾರಿನಲ್ಲಿ ನಿಲ್ಲುವುದು ಎಷ್ಟು ಕಷ್ಟ ಅಂತ ನಮಗೆ ಗೊತ್ತು. ಏರಿನಲ್ಲಿ ಯಾರಾದರೂ ಕರೆದರೆ ಖುಷಿಯಾಗಿ ಕಾಲು ಕೆಳಗಿಡುತ್ತೇವೆ. ಇಳಿಜಾರಿನಲ್ಲಿ ಕಷ್ಟಪಟ್ಟು ಗಳಿಸಿದ ವೇಗ ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಜೀವನ ಚೆನ್ನಾಗಿ ಓಡುತ್ತಿರುವಾಗಲೇ ನಾವು ಜನರನ್ನು ದಾಟಿ ಹೋಗುತ್ತೇವೆ. ನನ್ನ ಅನುಭವ ಇದು. ರೇಸ್ ಗೆಲ್ಲುತ್ತಿದ್ದ ವರ್ಷಗಳಲ್ಲಿ ನಾನು ಎಷ್ಟು ಜನರನ್ನು ದಾಟಿದೆ ಅಂತ ಈಗ ಎಣಿಸಲು ಹೆದರುತ್ತೇನೆ.

ನಮ್ಮ ಕಡೆ ಸೈಕ್ಲಿಂಗ್ ಬಗ್ಗೆ ಗೊತ್ತಿರಬಹುದು. ವಿಜಯಪುರ, ಬಾಗಲಕೋಟೆಯಿಂದ ರಾಜ್ಯಕ್ಕೂ ದೇಶಕ್ಕೂ ಎಷ್ಟೋ ಸವಾರರು ಬಂದಿದ್ದಾರೆ, ಹೆಚ್ಚಿನವರು ಒಕ್ಕಲುತನದ ಮನೆಯವರು. ನಾನು ಅಂಥವರ ಜೊತೆ ನಸುಕಿನಲ್ಲಿ ತುಳಿದವನು. ಹತ್ತೊಂಬತ್ತು ವಯಸ್ಸಿನಲ್ಲಿ ಒಂದು ದಿನ ಬಸವನ ಬಾಗೇವಾಡಿ ದಾರಿಯಲ್ಲಿ ಏನೂ ತಿನ್ನದೆ ಹೊರಟಿದ್ದೆ. ಎರಡು ತಾಸು ಜೋರಾಗಿ ತುಳಿದ ಮೇಲೆ ಮೈಯಲ್ಲಿನ ಸಕ್ಕರೆ ಖಾಲಿಯಾಯಿತು. ಸೈಕಲ್‌ನವರು ಇದಕ್ಕೆ ಬಾಂಕ್ ಅನ್ನುತ್ತಾರೆ. ಸುಸ್ತು ಬೇರೆ, ಇದು ಬೇರೆ. ಕಾಲು ನಿಲ್ಲುವುದು ಆಮೇಲೆ, ಮೊದಲು ಮನಸ್ಸು ನಿಲ್ಲುತ್ತದೆ. ಕಣ್ಣು ಮಂಜಾಗುತ್ತದೆ, ಸುಮ್ಮನೆ ಅಳು ಬರುತ್ತದೆ, ಎಲ್ಲಾ ಬೇಡ ಅನಿಸುತ್ತದೆ. ಒಂದು ಬೇವಿನ ಗಿಡದ ಕೆಳಗೆ ಸೈಕಲ್ ಒಗೆದು ಕೂತೆ. ನಾನು ಯಾವುದಕ್ಕೂ ಬಾರದವನು, ಮನೆಯವರ ದುಡ್ಡು ಹಾಳು ಮಾಡಿದೆ, ಇವತ್ತಿಗೆ ಇದೆಲ್ಲ ಸಾಕು ಅಂತ ಅತ್ತೆ.

ಹೊಲದಲ್ಲಿ ಕಸ ತೆಗೆಯುತ್ತಿದ್ದ ಒಬ್ಬ ತಾಯಿ ಬಂದರು. ಯಾರು, ಯಾವೂರು ಅಂತ ಕೇಳಲಿಲ್ಲ. ಬುತ್ತಿ ಬಿಚ್ಚಿದರು. ಕಟಗ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ತಂಬಿಗೆ ನೀರು. ತಿಂದೆ. ಅಲ್ಲೇ ಮಲಗಿಬಿಟ್ಟೆ. ಎದ್ದಾಗ ಇನ್ನೂ ಅರ್ಧ ರೊಟ್ಟಿ ಕೈಗಿಟ್ಟು "ದೂರ ಹೋಗೂದೈತಿ, ತಿನ್ನು" ಅಂದರು.

ಅವತ್ತು ನಾನು ವಿಶ್ವಾಸಿ ಆಗಿರಲಿಲ್ಲ. ಎಂಟು ವರ್ಷದ ಮೇಲೆ ಮೊದಲ ಸಲ ಬೈಬಲಿನ 1 ಅರಸುಗಳು 19 ಓದಿದೆ. ಪ್ರವಾದಿ ಎಲೀಯ ಗಿಡದ ಕೆಳಗೆ ಕೂತು ಸಾವು ಕೇಳುತ್ತಾನೆ. ದೇವದೂತ ಬೈಯುವುದಿಲ್ಲ, ನಂಬಿಕೆ ಎಲ್ಲಿ ಹೋಯಿತು ಅಂತ ಕೇಳುವುದಿಲ್ಲ. ಎದ್ದು ತಿನ್ನು ಅನ್ನುತ್ತಾನೆ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಎರಡನೇ ಸಲ ಎಬ್ಬಿಸಿ ತಿನ್ನಿಸುತ್ತಾನೆ, ದಾರಿ ನಿನ್ನ ಶಕ್ತಿಗೆ ಮೀರಿದೆ ಅಂತ. ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತೆ. ಆ ರೊಟ್ಟಿ ನಾನು ತಿಂದಿದ್ದೆ.

ಇದನ್ನು ಬರೆಯಲು ಕಾರಣ ಇದೆ. ನಮ್ಮ ಸಭೆಗಳಲ್ಲಿ ಹುಡುಗರು ಕುಗ್ಗಿಹೋಗಿ ಬಂದರೆ ನಾವು ಮೊದಲು ವಚನ ಹೇಳುತ್ತೇವೆ, ಪ್ರಾರ್ಥನೆ ಕಡಿಮೆಯಾಗಿದೆ ಅನ್ನುತ್ತೇವೆ. ದಯವಿಟ್ಟು ಮೊದಲು ಊಟ ಹಾಕಿ. ಮಲಗಲು ಬಿಡಿ. ಬೇಕಾದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ದೇವರು ಎಲೀಯನ ಜೊತೆ ಮಾತಾಡಿದ ಹೋರೇಬು ಬೆಟ್ಟದ ಮಾತು ಆಮೇಲೆ.

ಕೃಪೆ ಸಾಕು

ಎಲ್ಲರ ಅನುಭವಕ್ಕೂ ಗೌರವ ಇದೆ. ಆದರೆ ನನಗೊಂದು ಆತಂಕ, ನೇರವಾಗಿ ಹೇಳುತ್ತೇನೆ. ಸೈಕಲ್ ಅಂದರೆ ತುಳಿಯುವುದು. ತುಳಿದಷ್ಟು ಮುಂದೆ. ಕ್ರೈಸ್ತ ಜೀವನವನ್ನು ಸೈಕಲ್‌ಗೆ ಹೋಲಿಸಿದರೆ ಕೊನೆಗೆ ನಮ್ಮ ಪ್ರಯತ್ನವೇ ದೊಡ್ಡದಾಗಿ ಕಾಣುವುದಿಲ್ಲವೇ? ಎಫೆಸ 2ರಲ್ಲಿ ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದ ಅಲ್ಲ ಅಂತ ಸ್ಪಷ್ಟವಾಗಿದೆ. ನಾನು ಇಪ್ಪತ್ತು ವರ್ಷ ತುಳಿದು ತುಳಿದು ದೇವರನ್ನು ಮೆಚ್ಚಿಸಲು ನೋಡಿದವನು. ಉಪವಾಸ, ರಾತ್ರಿ ಪ್ರಾರ್ಥನೆ, ಯಾವುದೂ ಬಿಡಲಿಲ್ಲ, ನೆಮ್ಮದಿ ಮಾತ್ರ ಇರಲಿಲ್ಲ. ಕೃಪೆಯೇ ಸಾಕು ಅಂತ ಗೊತ್ತಾದ ದಿನ ಬದುಕಿದೆ. ಅದಕ್ಕೇ ಇಂಥ ಹೋಲಿಕೆ ಕಂಡರೆ ನನಗೆ ಭಯ. ಯಾರನ್ನೂ ನೋಯಿಸಲು ಹೇಳಿದ್ದಲ್ಲ.

ಸತ್ತೂರು ಸವಾರ, ಧಾರವಾಡ

ಬ್ರದರ್, ನೀವು ಹೇಳಿದ್ದು ಸರಿ, ನಾನೂ ಅದನ್ನು ಮರೆಯಬಾರದು. ಆದರೆ ಇಲ್ಲಿ ಇಲ್ಲಿಯವರೆಗೆ ಬಂದ ಕತೆಗಳನ್ನು ಮತ್ತೆ ನೋಡಿ. ಪಂಚರ್ ಆಗಿ ನಿಂತವನು ನಾನು. ಚರಂಡಿಗೆ ಬಿದ್ದವರು ಅಕ್ಕ. ಗಿಡದ ಕೆಳಗೆ ಅಳುತ್ತಾ ಕೂತವರು ರೇಸರ್. ತುಳಿಯುತ್ತಿದ್ದಾಗ ಏನೋ ಸಿಕ್ಕಿತು ಅಂತ ಯಾರೂ ಹೇಳಿಲ್ಲ. ತುಳಿಯಲು ಆಗದೆ ನಿಂತಾಗ ಬೇರೆಯವರ ಕೈಯಿಂದ ಸಿಕ್ಕಿತು ಅಂತಲೇ ಎಲ್ಲರೂ ಹೇಳುತ್ತಿದ್ದಾರೆ. ನನಗೂ ಇದು ನಿಮ್ಮ ಪ್ರಶ್ನೆ ನೋಡಿದ ಮೇಲೇ ಹೊಳೆದದ್ದು.

ಕೃಪೆ ಸಾಕು

ಹೌದು. ಅದು ನನಗೆ ಕಾಣಿಸಲಿಲ್ಲ. ಥ್ಯಾಂಕ್ಸ್ ಬ್ರದರ್.

ಬಾವುಟಗುಡ್ಡೆ, ಮಂಗಳೂರು

ನಾನು ಕಥೋಲಿಕ, ಇಲ್ಲಿ ಹೆಚ್ಚಿನವರು ಸಿಎಸ್‌ಐ (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟಂಟ್) ಕಡೆಯವರು ಅನಿಸುತ್ತದೆ, ಆದರೂ ಮಾತಿಗೆ ಸೇರುತ್ತೇನೆ.

ನಮ್ಮ ಮಂಗಳೂರಿನಲ್ಲಿ ಸೈಕಲ್ ಅಂದರೆ ಗುಡ್ಡ ಹತ್ತುವುದು, ಗುಡ್ಡ ಇಳಿಯುವುದು. ಸಮತಟ್ಟು ಅನ್ನುವುದು ಬಹಳ ಕಡಿಮೆ. ಇನ್ನೊಂದು ಕಷ್ಟ ಸಮುದ್ರದ ಗಾಳಿ. ಜೂನ್‌ನಲ್ಲಿ ಎರಡು ದಿನ ಚೈನ್ ಒರೆಸದೆ ಬಿಟ್ಟರೆ ಮೂರನೇ ದಿನ ಕೆಂಪಗಾಗಿರುತ್ತದೆ. ಸೈಕಲ್ ಉಪಯೋಗಿಸದೆ ಸುಮ್ನೆ ನಿಲ್ಲಿಸಿದರೂ ತುಕ್ಕು ಹಿಡಿಯುತ್ತದೆ. ನನ್ನ ಜಪಸರದ ಪ್ರಾರ್ಥನೆಯೂ ಹಾಗೇ, ದಿನಾ ಸ್ವಲ್ಪ ಎಣ್ಣೆ. ಇದು ಸಣ್ಣ ಮಾತು.

ನಾನು ಹೇಳಬೇಕು ಅಂದುಕೊಂಡದ್ದು ಜಿನೋ ಬಾರ್ತಲಿ ಬಗ್ಗೆ. ಇಟಲಿಯ ಸವಾರ, ಫ್ರಾನ್ಸಿನ ದೊಡ್ಡ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್ ಎರಡು ಸಲ ಗೆದ್ದವರು, 1938ರಲ್ಲಿ ಒಮ್ಮೆ, ಮತ್ತೆ ಹತ್ತು ವರ್ಷ ಬಿಟ್ಟು 1948ರಲ್ಲಿ. ನಡುವೆ ಎರಡನೇ ಮಹಾಯುದ್ಧ. ಬಹಳ ಭಕ್ತರು, ಜನ ಅವರನ್ನು ಭಕ್ತ ಜಿನೋ ಅಂತಲೇ ಕರೆಯುತ್ತಿದ್ದರು. ಜರ್ಮನ್ ಸೈನ್ಯ ಇಟಲಿಯನ್ನು ಹಿಡಿದಿದ್ದ ಕಾಲದಲ್ಲಿ ಫ್ಲಾರೆನ್ಸಿನ ಕಾರ್ಡಿನಲ್ ದಲ್ಲಾ ಕೊಸ್ತಾ ಅವರ ಕಡೆಯವರು ಯೆಹೂದ್ಯರನ್ನು ಬಚ್ಚಿಟ್ಟು ಕಾಪಾಡುತ್ತಿದ್ದರು. ಆ ಜನರಿಗೆ ಬೇರೆ ಹೆಸರಿನ ಗುರುತಿನ ಕಾಗದ ಬೇಕು. ಬಾರ್ತಲಿ ಆ ಕಾಗದಗಳನ್ನು ಸೈಕಲ್‌ನ ಪೈಪಿನೊಳಗೆ ಸುತ್ತಿಟ್ಟು ಫ್ಲಾರೆನ್ಸ್‌ನಿಂದ ಅಸ್ಸಿಸಿಯ ಕಡೆಗೆ ತುಳಿಯುತ್ತಿದ್ದರು. ಯಾರಾದರೂ ತಡೆದರೆ ಅಭ್ಯಾಸ ಮಾಡುತ್ತಿದ್ದೇನೆ ಅನ್ನುತ್ತಿದ್ದರಂತೆ, ರೇಸ್ ಸೈಕಲ್, ದಯವಿಟ್ಟು ಮುಟ್ಟಬೇಡಿ ಅನ್ನುತ್ತಿದ್ದರಂತೆ. ಸಿಕ್ಕಿಬಿದ್ದಿದ್ದರೆ ಪ್ರಾಣ ಹೋಗುತ್ತಿತ್ತು.

ಯುದ್ಧ ಮುಗಿದ ಮೇಲೆ ಈ ಬಗ್ಗೆ ಅವರು ಹೊರಗೆ ಹೇಳಿಕೊಳ್ಳಲಿಲ್ಲ. 2000ದಲ್ಲಿ ತೀರಿಕೊಂಡರು. ಯೆರೂಸಲೇಮಿನ ಯಾದ್ ವಾಶೆಮ್ (ಯೆಹೂದ್ಯರ ನರಮೇಧದ ಸ್ಮಾರಕ ಸಂಸ್ಥೆ) ಅವರನ್ನು ಗೌರವಿಸಿದ್ದು 2013ರಲ್ಲಿ, ಅವರು ಹೋಗಿ ಹದಿಮೂರು ವರ್ಷದ ಮೇಲೆ. ಅವರು ಗೆದ್ದ ಪದಕಗಳು ಎಲ್ಲರಿಗೂ ಕಾಣುತ್ತಿದ್ದವು, ಪೈಪಿನೊಳಗಿದ್ದದ್ದು ಯಾರಿಗೂ ಕಾಣಲಿಲ್ಲ. ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕು ಅಂತ ಯೇಸುಸ್ವಾಮಿ ಹೇಳಿದ್ದನ್ನು ಸೈಕಲ್ ಮೇಲೆ ಮಾಡಿದ ಮನುಷ್ಯ ಇವರು. ನಾನು ಪ್ರತಿ ವರ್ಷ ಜನವರಿಯಲ್ಲಿ ಕಾರ್ಕಳದ ಅತ್ತೂರು ಚರ್ಚಿನ ಜಾತ್ರೆಗೆ ಸೈಕಲ್‌ನಲ್ಲಿ ಹೋಗುತ್ತಿದ್ದೆ, ಹೋಗಿ ಫೋಟೋ ಹಾಕುತ್ತಿದ್ದೆ. ಬಾರ್ತಲಿ ಬಗ್ಗೆ ಓದಿದ ಮೇಲೆ ಫೋಟೋ ಹಾಕುವುದು ಬಿಟ್ಟೆ. ಹಾಕುವವರು ತಪ್ಪು ಅಂತ ಅಲ್ಲ, ನನಗೆ ಅದು ಬೇಕಿತ್ತು.

ಇಟಲಿಯಲ್ಲಿ ಕೋಮೋ ಸರೋವರದ ಹತ್ತಿರ ಗುಡ್ಡದ ಮೇಲೆ ಗಿಸಾಲ್ಲೋ ಮಾತೆಯ ಪುಟ್ಟ ಗುಡಿ ಇದೆ. ಪೋಪ್ ಹನ್ನೆರಡನೇ ಪಿಯುಸ್ 1949ರಲ್ಲಿ ಆ ಮಾತೆಯನ್ನು ಸೈಕಲ್ ಸವಾರರ ಪಾಲಕಿ ಅಂತ ಘೋಷಿಸಿದರು. ಒಳಗೆ ದೊಡ್ಡ ದೊಡ್ಡ ಸವಾರರ ಸೈಕಲ್‌ಗಳನ್ನು ತೂಗುಹಾಕಿದ್ದಾರೆ. ಅದರಲ್ಲಿ 1995ರ ಟೂರ್‌ನಲ್ಲಿ ಬಿದ್ದು ತೀರಿಕೊಂಡ ಫಾಬಿಯೋ ಕಸಾರ್ತೆಲ್ಲಿಯ ಸೈಕಲ್ಲೂ ಇದೆ, ಮುರಿದದ್ದು ಮುರಿದ ಹಾಗೇ. ಗೆದ್ದ ಸೈಕಲ್‌ಗಳ ಪಕ್ಕದಲ್ಲೇ ಆ ಸೈಕಲ್ ಇಟ್ಟಿದ್ದಾರಲ್ಲ, ದೇವರ ಮನೆಯಲ್ಲಿ ಅದು ಸರಿಯಾದ ಜಾಗ ಅಂತ ನನಗೆ ಅನಿಸುತ್ತದೆ.

ಎದುರುಗಾಳಿ, ಐಂಡ್‌ಹೋವನ್

ನೆದರ್ಲೆಂಡ್ಸ್‌ನಿಂದ ವಂದನೆ. ಊರು ಹಾಸನ, ಇಲ್ಲಿಗೆ ಬಂದು ಐದು ವರ್ಷ. ಇಲ್ಲಿ ಜನರಿಗಿಂತ ಸೈಕಲ್ ಜಾಸ್ತಿ. ಮಂಗಳೂರಿನವರು ಗುಡ್ಡ ಅಂದರು, ಇಲ್ಲಿ ಗುಡ್ಡ ಇಲ್ಲ, ಅದರ ಬದಲು ಗಾಳಿ. ಸಮುದ್ರ ತಡೆಯಲು ಕಟ್ಟಿದ ಓಸ್ಟರ್‌ಸ್ಕೆಲ್ಡ್ ಗೋಡೆಯ ಮೇಲೆ ಎದುರುಗಾಳಿಗೇ ಅಂತ ಒಂದು ಸ್ಪರ್ಧೆ ಮಾಡುತ್ತಾರೆ. ಬಿರುಗಾಳಿಯ ಸೂಚನೆ ಬಂದಾಗ ಮಾತ್ರ ದಿನ ಗೊತ್ತುಮಾಡುತ್ತಾರೆ, ಗೇರ್ ಇಲ್ಲದ ಸಾದಾ ಸೈಕಲ್, ಎಂಟೂವರೆ ಕಿಲೋಮೀಟರ್. ಗುಡ್ಡಕ್ಕಿಂತ ಗಾಳಿ ಕಷ್ಟ ಅಂತ ನನ್ನ ಅನುಭವ. ಗುಡ್ಡ ಕಣ್ಣಿಗೆ ಕಾಣುತ್ತದೆ, ತುದಿ ಇದೆ. ಗಾಳಿ ಕಾಣುವುದಿಲ್ಲ, ಯಾವಾಗ ನಿಲ್ಲುತ್ತದೋ ಗೊತ್ತಿಲ್ಲ, ಎಲ್ಲರ ಹತ್ತಿರ ಹೇಳಿಕೊಂಡರೂ ಯಾರಿಗೂ ಅರ್ಥವಾಗುವುದಿಲ್ಲ.

ಎರಡನೇ ವರ್ಷ ನನ್ನ ಹೆಂಡತಿಗೆ ಗರ್ಭಪಾತ ಆಯಿತು. ಊರಲ್ಲಿ ಅಮ್ಮ ಇಲ್ಲ, ಇಲ್ಲಿ ನಮ್ಮವರು ಯಾರೂ ಇಲ್ಲ. ನಾವು ಹೋಗುವ ಸಭೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಹಿರಿಯರು ಇದ್ದಾರೆ. ಬುಧವಾರ ಸಂಜೆ ಬೈಬಲ್ ಅಧ್ಯಯನ ಮುಗಿಸಿ ವಾಪಸ್ ಬರುವಾಗ ಎದುರಿನಿಂದ ಮಳೆ, ಗಾಳಿ. ಅವರು ನನ್ನ ಮುಂದೆ ಬಂದು, ನನ್ನ ಹಿಂದಿನ ಚಕ್ರ ನೋಡಿಕೊಂಡು ಬಾ, ಮಾತಾಡಬೇಡ ಅಂದರು. ಸೈಕಲ್ ಗೊತ್ತಿರುವವರಿಗೆ ಇದು ಗೊತ್ತು, ಮುಂದಿನವನು ಗಾಳಿ ತಿಂದರೆ ಹಿಂದಿನವನಿಗೆ ಎಷ್ಟೋ ಹಗುರ. ಆರು ಕಿಲೋಮೀಟರ್ ನನ್ನ ಮನೆ ಬಾಗಿಲ ತನಕ ಬಂದು, ತಿರುಗಿ ಹೋದರು. ಅವರ ಮನೆ ನಡುವೆಯೇ ಇತ್ತು ಅಂತ ನನಗೆ ಆಮೇಲೆ ತಿಳಿಯಿತು. ಅದಾದ ಮೇಲೆ ಎರಡು ತಿಂಗಳು ಪ್ರತಿ ಬುಧವಾರ ಹಾಗೇ ಬಂದರು.

ಗಲಾತ್ಯ 6ರಲ್ಲಿ ಒಬ್ಬರ ಭಾರವನ್ನೊಬ್ಬರು ಹೊರಿರಿ ಅಂತ ಇದೆ. ಎರಡು ವಚನ ಬಿಟ್ಟು ಪ್ರತಿಯೊಬ್ಬನು ತನ್ನ ಹೊರೆಯನ್ನು ತಾನೇ ಹೊರಬೇಕು ಅಂತಲೂ ಇದೆ. ಇವೆರಡೂ ಒಟ್ಟಿಗೆ ಹೇಗೆ ಅಂತ ನನಗೆ ಅರ್ಥವಾಗುತ್ತಿರಲಿಲ್ಲ. ನನ್ನ ಪೆಡಲ್ ಅವರು ತುಳಿಯಲಿಲ್ಲ. ನನ್ನ ಗಾಳಿ ಅವರು ತಿಂದರು.

ಗೇಟಿನ ಹೊರಗೆ

ನಾನು ಒಂದು ಬೇಸರದ ವಿಷಯ ಹೇಳುತ್ತೇನೆ, ಊರು, ದೇವಾಲಯದ ಹೆಸರು ಬೇಡ. ಕೆಲಸ ಬದಲಾಗಿ ಹೊಸ ಊರಿಗೆ ಹೋದ ಮೊದಲ ಭಾನುವಾರ. ಸೈಕಲ್‌ನಲ್ಲಿ ಗೇಟ್ ಒಳಗೆ ಹೋದೆ. ಕಾರುಗಳಿಗೆ ಮರದ ನೆರಳಿನಲ್ಲಿ ಗೆರೆ ಹಾಕಿ ಜಾಗ, ಒಬ್ಬರು ಕೈ ತೋರಿಸಿ ನಿಲ್ಲಿಸುತ್ತಿದ್ದರು. ನನಗೆ "ಸೈಕಲ್ ಒಳಗೆ ಬೇಡ, ಆಚೆ ಗೋಡೆಗೆ ಒರಗಿಸಿ" ಅಂದರು. ಒರಗಿಸಿದೆ. ಅದೇ ಗೋಡೆಗೆ ಇನ್ನೂ ಐದಾರು ಸೈಕಲ್ ಇದ್ದವು, ಬಿಸಿಲಿನಲ್ಲಿ, ಒಂದಕ್ಕೊಂದು ಬೀಗ ಹಾಕಿಕೊಂಡು. ಮನೆಗೆಲಸ ಮಾಡುವ ಒಬ್ಬ ತಾಯಿ, ಒಬ್ಬ ವಾಚ್‌ಮನ್, ಇಬ್ಬರು ಹಾಸ್ಟೆಲ್ ಹುಡುಗರು, ಆರಾಧನೆ ಮುಗಿದ ಮೇಲೆ ಅಲ್ಲೇ ಎಲ್ಲರ ಪರಿಚಯವಾಯಿತು.

ಯಾಕೋಬ 2ರಲ್ಲಿ ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ, ಬಡವನಿಗೆ ನೀನು ಅಲ್ಲಿ ನಿಲ್ಲು ಅಂತ ಹೇಳಿದರೆ ಅದು ಪಾಪ ಅಂತ ಇದೆ. ಅದು ಕುರ್ಚಿಯ ಬಗ್ಗೆ ಮಾತ್ರ ಅಂದುಕೊಂಡಿದ್ದೇವೆ. ಕೈ ತೋರಿಸಿದವರು ಕೆಟ್ಟವರಲ್ಲ, ಆಮೇಲೆ ನನಗೆ ಬಹಳ ಪ್ರೀತಿ ತೋರಿಸಿದರು. ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ, ಅಷ್ಟೇ. ಆದರೆ ಆ ತಾಯಿ ಹನ್ನೊಂದು ವರ್ಷದಿಂದ ಆ ಗೋಡೆಗೇ ಸೈಕಲ್ ಒರಗಿಸುತ್ತಿದ್ದಾರೆ. ಅದು ನನಗೆ ತಡೆಯಲು ಆಗುವುದಿಲ್ಲ.

ಅಯ್ಯನವರ ಮನೆಯವರು

ತಮ್ಮಾ, ಇದನ್ನು ಓದಿ ನಿನ್ನೆ ರಾತ್ರಿ ಸಭಾಪಾಲಕರಾದ ನಮ್ಮನೆಯವರಿಗೆ ಓದಿ ಹೇಳಿದೆ. ನಮ್ಮ ದೇವಾಲಯದಲ್ಲಿ ಸೈಕಲ್ ಎಲ್ಲಿ ನಿಲ್ಲಿಸುತ್ತಾರೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ! ಬೆಳಿಗ್ಗೆ ಹೋಗಿ ನೋಡಿದೆವು. ಹಿಂದೆ, ನೀರಿನ ಟ್ಯಾಂಕಿನ ಹತ್ತಿರ, ಕೆಸರಿನಲ್ಲಿ. ಯಾರೂ ಅಲ್ಲಿಡಿ ಅಂತ ಹೇಳಿಲ್ಲ, ಜಾಗ ಇಲ್ಲದೆ ಅವರೇ ಅಲ್ಲಿಗೆ ಹೋಗಿದ್ದಾರೆ.

ಸ್ತ್ರೀ ಸಂಘದವರ ಹತ್ತಿರ ಮಾತಾಡಿದೆ. ಮುಂಬಾಗಿಲಿನ ಬಲಗಡೆ, ಮೆಟ್ಟಿಲಿನ ಪಕ್ಕದಲ್ಲೇ, ಹತ್ತು ಸೈಕಲ್ ನಿಲ್ಲುವ ಹಾಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸುತ್ತಿದ್ದೇವೆ. ಮೇಲೆ ಒಂದು ತಗಡಿನ ಶೀಟು. ಒಂದು ಗಾಳಿ ಪಂಪು ಸರಪಳಿ ಹಾಕಿ ಇಡಬೇಕು ಅಂತ ಒಬ್ಬರು ಹೇಳಿದರು. ಇನ್ನೇನು ಇಡಬೇಕು ಅಂತ ತಿಳಿದವರು ಹೇಳಿ. ನನಗೆ ಸೈಕಲ್ ಬಗ್ಗೆ ಏನೂ ಗೊತ್ತಿಲ್ಲ.

ಹಳೇ ರೇಸರ್, ವಿಜಯಪುರ

ಅಮ್ಮಾ, ಬಹಳ ಸಂತೋಷ. ಕಾಲಲ್ಲಿ ಒತ್ತಿ ಹಿಡಿಯುವ ದೊಡ್ಡ ಪಂಪ್ ತೆಗೆದುಕೊಳ್ಳಿ, ಸಣ್ಣದು ಬೇಡ. ಹಳೇ ಕಪ್ಪು ಸೈಕಲ್‌ಗಳಿಗೆ 28-1½ ಟ್ಯೂಬ್ ಎರಡು ಇಟ್ಟಿರಿ, ಮಕ್ಕಳ ಸೈಕಲ್‌ಗೆ ಅಳತೆ ನೋಡಿ ತರಬೇಕು. ಪ್ಯಾಚ್, ಸಲ್ಯೂಷನ್, ಉಪ್ಪು ಕಾಗದ, 10-12 ಅಳತೆಯ ಒಂದು ಸ್ಪ್ಯಾನರ್. ಸಲ್ಯೂಷನ್ ಒಮ್ಮೆ ತೆಗೆದರೆ ಬೇಗ ಒಣಗುತ್ತದೆ, ಸಣ್ಣ ಟ್ಯೂಬೇ ತನ್ನಿ. ಚೈನ್‌ಗೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ. ಮತ್ತೆ ಒಂದು ಕೈ ಒರೆಸುವ ಬಟ್ಟೆ, ಸೋಪು. ಬಿಳಿ ಅಂಗಿಯವರೂ ನಿಲ್ಲಲಿ.

ಬೆಟಗೇರಿ ಟೀಚರ್

ಭಾನುವಾರ ಟೈರ್ ಪಾಠ ಮಾಡಿದೆ. ಹದಿನೇಳು ಮಕ್ಕಳು. ಮೊದಲು ಸಿಕ್ಕಿದ್ದು ಅತಿ ಚಿಕ್ಕವಳಿಗೆ, ಅವಳ ಬೆರಳು ಸಣ್ಣದು ಅದಕ್ಕೇ ಇರಬೇಕು. ಮುಳ್ಳು ತೆಗೆದ ಮೇಲೆ ಒಬ್ಬ ಹುಡುಗ ಎದ್ದು, ಟೀಚರ್, ನಾನು ಅಣ್ಣನ ಡಬ್ಬಿಯಿಂದ ದುಡ್ಡು ತಗೊಂಡಿದ್ದೆ ಅಂದ. ನಾನು ಏನೂ ಕೇಳಿರಲಿಲ್ಲ. ಅವನ ಜೊತೆ ಮನೆಗೆ ಹೋಗಿ ಬಂದೆ, ಇಬ್ಬರೂ ಸೈಕಲ್‌ನಲ್ಲೇ.

ಸತ್ತೂರು ಸವಾರ, ಧಾರವಾಡ

ಎಲ್ಲವನ್ನೂ ಎರಡೆರಡು ಸಲ ಓದಿದೆ. ಎದುರುಗಾಳಿ ಬ್ರದರ್, ನಿಮ್ಮ ಮನೆಯವರಿಗಾಗಿ ಪ್ರಾರ್ಥಿಸುತ್ತಿದ್ದೇನೆ.

ಈಗ ದಿನಾ ಚೀಲದಲ್ಲಿ ಒಂದು ಟ್ಯೂಬ್, ಪ್ಯಾಚ್ ಡಬ್ಬಿ, ಸ್ಪ್ಯಾನರ್, ಹಳೇ ಬಟ್ಟೆ ಇರುತ್ತದೆ. ಭಾನುವಾರ ಇಪ್ಪತ್ತು ನಿಮಿಷ ಮುಂಚೆ ಹೊರಡುತ್ತೇನೆ. ಎರಡು ಸಲ ನಿಂತೆ, ಒಂದು ಸಲ ಶಾಲೆ ಹುಡುಗಿಯ ಚೈನ್, ಒಂದು ಸಲ ಬೈಕಿನವರು, ಅವರಿಗೆ ಬೇಕಾಗಿದ್ದು ಪೆಟ್ರೋಲು, ನನ್ನಿಂದ ಏನೂ ಆಗಲಿಲ್ಲ, ಬಂಕ್ ತನಕ ತಳ್ಳಿಕೊಟ್ಟೆ.

ಅಜ್ಜ ಮತ್ತೆ ಸಿಕ್ಕಿಲ್ಲ. ಅಂಗಡಿ ಹುಡುಗನನ್ನು ಕೇಳಿದೆ, ಪೇರಲ ಸುಗ್ಗಿ ಮುಗಿದಿದೆ, ಇನ್ನು ಬರುವುದು ಮುಂದಿನ ಸುಗ್ಗಿಗೇ ಅಂದ. ಮನೆ ಎಲ್ಲಿ ಅಂತ ವಿಚಾರಿಸಿ ಇಡುತ್ತೇನೆ ಅಂದಿದ್ದಾನೆ. ಈ ಶನಿವಾರ ಮಧ್ಯಾಹ್ನ ನವಲೂರಿಗೆ ಹೋಗಿ ಹುಡುಕಬೇಕು ಅಂತ ಇದೆ. ಧಾರವಾಡದವರು ಯಾರಾದರೂ ಬರುವುದಾದರೆ ಹೇಳಿ, ಮೂರು ಗಂಟೆಗೆ ಸತ್ತೂರಿನಿಂದ ಹೊರಡುತ್ತೇನೆ.